ಸಹಾಯ ಬೇಕು: ಹೊಸ ಸ್ವಿಚ್ ಹಾಕಿದ ಮೇಲೆ ಸ್ಟೋರೇಜ್‌ಗೆ ಬ್ಯಾಕಪ್ ಹೋಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಗಂಗಾವತಿಯ ಒಂದು ಅಕ್ಕಿ ಗಿರಣಿಯ ಸರ್ವರ್ ನೋಡಿಕೊಳ್ಳುತ್ತೇನೆ. ಎರಡು ಸರ್ವರ್, ಒಂದು ಐಸ್ಕಸಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಕೊಡುವ) ಸ್ಟೋರೇಜ್, ನಡುವೆ 10 ಗಿಗಾಬಿಟ್ ಸ್ವಿಚ್. ಹಳೆಯ ಸ್ವಿಚ್ ಸಿಡಿಲಿಗೆ ಸುಟ್ಟುಹೋಯಿತು, ಹೊಸದು ಹಾಕಿದ್ದೇವೆ.

ಲಾಗಿನ್ ಆಗುತ್ತದೆ, ಲನ್ (ಸ್ಟೋರೇಜ್ ಕೊಡುವ ಡಿಸ್ಕ್) ಕಾಣುತ್ತದೆ, ಸಣ್ಣ ಫೈಲ್ ತೆರೆಯುತ್ತದೆ. ಬ್ಯಾಕಪ್ ಶುರು ಮಾಡಿದರೆ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಸರ್ವರ್, ಸ್ಟೋರೇಜ್ ಎರಡರಲ್ಲೂ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಬೈಟ್. ಡೋಂಟ್ ಫ್ರಾಗ್ಮೆಂಟ್ (ಪ್ಯಾಕೆಟ್ ಒಡೆಯಬೇಡ) ಹಾಕಿ ಪಿಂಗ್ ಮಾಡಿದರೆ 1472 ಬೈಟ್‌ಗೆ ಉತ್ತರ ಬರುತ್ತದೆ, 8972ಕ್ಕೆ (28 ಬೈಟ್ ಹೆಡರ್ ಸೇರಿ 9000) ಇಲ್ಲ. ವಿಚಿತ್ರ ಅಂದ್ರೆ 8900 ಸಲೀಸಾಗಿ ಹೋಗುತ್ತದೆ! ಅಂದಮೇಲೆ ಜಂಬೋ ಫ್ರೇಮ್ (1500ಕ್ಕಿಂತ ದೊಡ್ಡ ಪ್ಯಾಕೆಟ್) ಆಫ್ ಇದೆ ಅನ್ನೋ ಹಾಗೂ ಇಲ್ಲ.

ನನ್ನ ಅನುಮಾನ ಸ್ವಿಚ್ ಮೇಲೆ. ಅಲ್ಲೂ 9000 ಅಂತಲೇ ಇದೆ. ಈಥರ್ನೆಟ್ ಹೆಡರ್ 14, ವಿಲ್ಯಾನ್ ಟ್ಯಾಗ್ 4, ಎಫ್‌ಸಿಎಸ್ (ದೋಷ ಪತ್ತೆಯ ಕೋಡ್) 4 ಬೈಟ್ ಸೇರಿಸಿ ಅದು ಲೆಕ್ಕ ಹಾಕಿದರೆ 9022 ಆಗಿ, ಫ್ರೇಮ್ ಬಿಸಾಕುತ್ತದೆ ಅಲ್ವಾ? ಪೋರ್ಟ್‌ನ ಜೈಂಟ್ಸ್ ಕೌಂಟರ್ (ಮಿತಿ ಮೀರಿದ ಫ್ರೇಮ್‌ಗಳ ಲೆಕ್ಕ) ಏರುತ್ತಲೇ ಇದೆ. 9216ಕ್ಕೆ ಏರಿಸಲು ಹೋದರೆ ಸ್ವಿಚ್ ರೀಲೋಡ್ (ರೀಸ್ಟಾರ್ಟ್) ಕೇಳುತ್ತದೆ. ಭತ್ತದ ಸೀಸನ್ ಬೇರೆ. ವೇಬ್ರಿಜ್ ಬಿಲ್ಲಿಂಗ್ ಅದೇ ಸರ್ವರ್ ಮೇಲಿದೆ, ಮಾಲೀಕರು ಹಗಲು ಹೊತ್ತು ಮುಟ್ಟಲು ಬಿಡಲ್ಲ.

ರೀಲೋಡ್‌ಗೆ ಮುಂಚೆ ವಿಎಂಗಳನ್ನೆಲ್ಲ (ಸರ್ವರ್ ಒಳಗೆ ಓಡುವ ವರ್ಚುವಲ್ ಮಷೀನ್) ಶಟ್‌ಡೌನ್ ಮಾಡಲೇಬೇಕಾ, ಸ್ಟೋರೇಜ್ ಸ್ವಲ್ಪ ಹೊತ್ತು ಕಾಣದಿದ್ದರೂ ತಡೆದುಕೊಳ್ಳುತ್ತವಾ? ಇಲ್ಲ, ಸದ್ಯಕ್ಕೆ ಎರಡೂ ತುದಿಯಲ್ಲಿ 1500ಕ್ಕೆ ಇಳಿಸಿ ಬ್ಯಾಕಪ್ ಮುಗಿಸಿಕೊಳ್ಳಲಾ? ದಯವಿಟ್ಟು ಸುಮ್ನೆ "ಕೇಬಲ್ ಬದಲಿಸಿ" ಅನ್ನಬೇಡಿ. ಅದಾಗಿದೆ, ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟ ಫ್ರೇಮ್) ಸೊನ್ನೆ.

ಕೊಪ್ಪಳ, ಹೊಸಪೇಟೆ ಕಡೆ ಯಾರ ಹತ್ತಿರವಾದರೂ ಜಂಬೋ ಫ್ರೇಮ್ ಇರುವ ಹಳೆಯ 10 ಗಿಗಾಬಿಟ್ ಸ್ವಿಚ್ ಇದ್ದರೆ ಒಂದು ರಾತ್ರಿಗೆ ಕೊಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.