ಜಾನ್ ಮರಿಯಾ ವೊಲೊಂಟೆ: ಪಾತ್ರವೋ, ಪಡಿಯಚ್ಚೋ?

ಹಳೇರೀಲು:
ನಮ್ಮಲ್ಲಿ ಬಹಳ ಜನ ಇಟಲಿಯ ನಟ ವೊಲೊಂಟೆಯನ್ನು ನೋಡಿರುವುದು ಸೆರ್ಜಿಯೊ ಲಿಯೋನೆಯ ಕೌಬಾಯ್ ಚಿತ್ರಗಳ ಖಳನಾಗಿ ಮಾತ್ರ. 1964ರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ನ ರಮೋನ್, ಮರುವರ್ಷದ ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ನ ಇಂಡಿಯೊ. ಎಪ್ಪತ್ತರ ದಶಕಕ್ಕೆ ಬಂದರೆ ಸಾಲುಸಾಲಾಗಿ ನಿಜವಾಗಿ ಬದುಕಿದವರ ಪಾತ್ರಗಳು: ಅಮೆರಿಕದಲ್ಲಿ ಮರಣದಂಡನೆಗೊಳಗಾದ ಅರಾಜಕತಾವಾದಿ ವಾನ್ಜೆಟ್ಟಿ, ತೈಲ ಸಂಸ್ಥೆಯ ಮುಖ್ಯಸ್ಥ ಎನ್ರಿಕೊ ಮತ್ತೇಯಿ, ಮಾಫಿಯಾದ ಲಕಿ ಲುಚಾನೊ, ತತ್ವಜ್ಞಾನಿ ಜೋರ್ದಾನೊ ಬ್ರೂನೊ, ಇಟಲಿಯ ರಾಜಕಾರಣಿ ಆಲ್ದೊ ಮೋರೊ. ನನ್ನ ತಕರಾರು ಇಷ್ಟೇ: ಇದು ಅಸಾಧಾರಣ ಅನುಕರಣೆ, ಆದರೆ ಅಭಿನಯ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಅದೇ ಕಾಲದ ಇನ್ನೊಬ್ಬ ಇಟಾಲಿಯನ್ ನಟ ಮಾಸ್ತ್ರೊಯಾನ್ನಿ ಸುಮ್ಮನೆ ನಿಂತರೂ ಒಬ್ಬ ಮನುಷ್ಯ ಕಾಣುತ್ತಾನೆ. ವೊಲೊಂಟೆ ಪ್ರತಿ ಫ್ರೇಮಿನಲ್ಲೂ ಏನಾದರೊಂದು ಮಾಡುತ್ತಲೇ ಇರುತ್ತಾರೆ.

ಕತ್ತರಿಮೇಜು:
ಅನುಕರಣೆಯೋ ಅಲ್ಲವೋ ಎಂದು ಪರೀಕ್ಷಿಸಲು ಮೋರೊ ಪಾತ್ರಕ್ಕಿಂತ ಒಳ್ಳೆಯ ಸಾಧನ ಇಲ್ಲ ಸಾರ್. ಅದೇ ನಟ, ಅದೇ ರಾಜಕಾರಣಿ, ನಡುವೆ ಹತ್ತು ವರ್ಷ.

1976ರಲ್ಲಿ ನಿರ್ದೇಶಕ ಎಲಿಯೊ ಪೆತ್ರಿಯ ‘ತೊದೊ ಮೋದೊ’. ಮೋರೊ ಆಗ ಬದುಕಿದ್ದರು, ಪ್ರಧಾನಿಯಾಗಿದ್ದರು. ಚಿತ್ರದಲ್ಲಿ ಹೆಸರಿಲ್ಲ, ‘ಅಧ್ಯಕ್ಷರು’ ಅಷ್ಟೇ. ಆಡಳಿತ ಪಕ್ಷದ ದೊಡ್ಡವರೆಲ್ಲ ಧ್ಯಾನಶಿಬಿರಕ್ಕೆಂದು ನೆಲಮಾಳಿಗೆಯಂಥ ಮಠವೊಂದರಲ್ಲಿ ಸೇರುತ್ತಾರೆ, ಅಲ್ಲಿ ಒಬ್ಬೊಬ್ಬರಾಗಿ ಕೊಲೆಯಾಗುತ್ತಾರೆ. ಪಾದ್ರಿಯ ಪಾತ್ರದಲ್ಲಿ ನೀವು ಮೆಚ್ಚುವ ಮಾಸ್ತ್ರೊಯಾನ್ನಿಯೇ ಇದ್ದಾರೆ. ವೊಲೊಂಟೆಯ ಭುಜ ಇಳಿದಿರುತ್ತದೆ, ಒಂದು ಕೈ ಇನ್ನೊಂದನ್ನು ಸವರುತ್ತಿರುತ್ತದೆ, ಮಾತು ಪಿಸುಗುಟ್ಟಿನ ಹತ್ತಿರ. ಹೋಲಿಕೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ ಮೊದಲ ದಿನಗಳಲ್ಲಿ ತೆಗೆದ ಶಾಟುಗಳನ್ನು ನೋಡಿ ಪೆತ್ರಿಗೇ ಮುಜುಗರವಾಯಿತು. ಇಬ್ಬರೂ ಮಾತಾಡಿಕೊಂಡು ಅವನ್ನು ಬಿಸಾಕಿ ಮತ್ತೆ ಚಿತ್ರೀಕರಿಸಿದರು. ಅಂದರೆ ಪಡಿಯಚ್ಚು ತೆಗೆಯುವುದು ಆತನಿಗೆ ಸುಲಭವಾಗಿತ್ತು, ಅದನ್ನು ಬಿಟ್ಟುಕೊಡುವುದೇ ಕೆಲಸವಾಗಿತ್ತು.

1978ರ ಮಾರ್ಚ್ 16ರಂದು ಮೋರೊ ಅಪಹರಣ. 55 ದಿನ ಸೆರೆಯಲ್ಲಿದ್ದು, ಮೇ 9ರಂದು ರೋಮಿನ ಬೀದಿಯಲ್ಲಿ ನಿಲ್ಲಿಸಿದ್ದ ಕೆಂಪು ರೆನೋ ಕಾರಿನಲ್ಲಿ ಹೆಣವಾಗಿ ಸಿಕ್ಕರು. 1986ರಲ್ಲಿ ಜುಸೆಪ್ಪೆ ಫೆರ್ರಾರಾ ಮಾಡಿದ ‘ಇಲ್ ಕಾಸೊ ಮೋರೊ’ದಲ್ಲಿ ಮತ್ತೆ ವೊಲೊಂಟೆ. ಈ ಸಲ ಇಕ್ಕಟ್ಟಿನ ಕೋಣೆ, ಹಾಸಿಗೆ, ಬರೆಯಲು ಕಾಗದ. ಆ ಜಾರುವ ಕೈಗಳು ಇಲ್ಲಿಲ್ಲ. ಪೆನ್ನು ಹಿಡಿದ ಬೆರಳುಗಳು ಗಟ್ಟಿಯಾಗಿವೆ, ಬೆನ್ನು ನೆಟ್ಟಗಿದೆ. ಬರ್ಲಿನ್ ಚಿತ್ರೋತ್ಸವದಲ್ಲಿ 1987ರ ಬೆಳ್ಳಿ ಕರಡಿ ಪ್ರಶಸ್ತಿ ಬಂದದ್ದು ಈ ಅಭಿನಯಕ್ಕೆ. ಎರಡನ್ನೂ ಒಂದೇ ವಾರದಲ್ಲಿ ನೋಡಿ. ಅನುಕರಣೆ ಮಾಡುವವನಿಗೆ ಒಬ್ಬನೇ ಮೋರೊ ಸಿಗುತ್ತಾನೆ, ಇಲ್ಲಿ ಇಬ್ಬರಿದ್ದಾರೆ.

ನಾದಲೋಲ:
ಇಬ್ಬರೂ ಕಣ್ಣಿನ ಮಾತಾಡುತ್ತಿದ್ದೀರಿ, ಕಿವಿಯ ವಿಚಾರ ಬರಲಿಲ್ಲ. ವೊಲೊಂಟೆಯ ಅರ್ಧ ಅಭಿನಯ ಉಚ್ಚಾರಣೆಯಲ್ಲಿದೆ. ಹುಟ್ಟಿದ್ದು 1933ರಲ್ಲಿ ಮಿಲಾನೊದಲ್ಲಿ, ಬೆಳೆದದ್ದು ತೊರಿನೊದಲ್ಲಿ. 1968ರ ‘ಬಂದೀತಿ ಅ ಮಿಲಾನೊ’ದ ಬ್ಯಾಂಕ್ ದರೋಡೆಕೋರನಿಗೆ ಆ ತೊರಿನೊ ಮಾತಿನ ಧಾಟಿಯನ್ನೇ ಕೊಟ್ಟರು. ಎರಡು ವರ್ಷದ ನಂತರ ‘ಇನ್ವೆಸ್ಟಿಗೇಶನ್ ಆಫ್ ಎ ಸಿಟಿಜನ್ ಅಬವ್ ಸಸ್ಪಿಶನ್’ನ ಪೊಲೀಸ್ ಅಧಿಕಾರಿಗೆ ದಕ್ಷಿಣ ಇಟಲಿಯ ಧಾಟಿ. ಆತ ಪ್ರೇಯಸಿಯನ್ನು ಕೊಂದು, ಬೆರಳಚ್ಚು, ಬೂಟಿನ ಗುರುತು, ಕೊನೆಗೆ ತನ್ನ ನೀಲಿ ಟೈಯ ಎಳೆಯನ್ನೂ ಬೇಕೆಂದೇ ಬಿಟ್ಟು ಹೋಗುತ್ತಾನೆ, ತನ್ನನ್ನು ಯಾರೂ ಮುಟ್ಟಲಾರರು ಎಂದು ಸಾಬೀತು ಮಾಡಲು. ಕೈಕೆಳಗಿನವರ ಮೇಲೆ ಗುಡುಗುವಾಗ ಒಂದು ದನಿ. ಆ ಹೆಣ್ಣಿನ ಮುಂದೆ ನಿಂತಾಗ ಅದೇ ಧಾಟಿ ರಚ್ಚೆ ಹಿಡಿದ ಮಗುವಿನ ರಾಗಕ್ಕೆ ಇಳಿಯುತ್ತದೆ. ಇಂಗ್ಲಿಷ್ ಡಬ್ಬಿಂಗಿನಲ್ಲಿ ಇದೆಲ್ಲ ಅಳಿಸಿಹೋಗುತ್ತದೆ.

ಹಾಗಾಗಿ ಇಟಾಲಿಯನ್ ಧ್ವನಿ, ಕೆಳಗೆ ಸಬ್‌ಟೈಟಲ್, ಹೀಗೆಯೇ ನೋಡಬೇಕು. ಭಾಷೆ ಬರದಿದ್ದರೂ ಮೊದಲ ಹತ್ತು ನಿಮಿಷವನ್ನು ಎರಡನೇ ಸಲ ಸಬ್‌ಟೈಟಲ್ ತೆಗೆದು ಕೇಳಿ. ಸ್ವರ ಎಲ್ಲಿ ಎಳೆಯುತ್ತಾರೆ, ಎಲ್ಲಿ ಕತ್ತರಿಸುತ್ತಾರೆ ಎಂಬುದು ಕಿವಿಗೆ ಸಿಗುತ್ತದೆ.

ಹಳೇರೀಲು:
ಆದರೆ ಆ ಕಾಲದ ಇಟಾಲಿಯನ್ ಚಿತ್ರಗಳೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಧ್ವನಿ ಸೇರಿಸಿದವೇ ಅಲ್ಲವೇ? ‘ಮೂಲ ಧ್ವನಿ’ ಅನ್ನುವುದು ಎಲ್ಲಿಂದ ಬಂತು?

ನಾದಲೋಲ:
ಸರಿಯಾದ ಪ್ರಶ್ನೆ. ಲಿಯೋನೆಯ ಸೆಟ್ಟಿನಲ್ಲಿ ನಾಯಕ ನಟ ಈಸ್ಟ್‌ವುಡ್ ಇಂಗ್ಲಿಷ್ ಮಾತಾಡಿದರೆ ಎದುರಿನವರದು ಇಟಾಲಿಯನ್ನೋ ಸ್ಪ್ಯಾನಿಷ್ಷೋ. ಎಲ್ಲವನ್ನೂ ನಂತರ ಡಬ್ ಮಾಡುವುದು. ಅದಕ್ಕೇ ಯಾವ ಭಾಷೆಯಲ್ಲಿ ಹಾಕಿದರೂ ಯಾರದೋ ಒಬ್ಬರ ತುಟಿ ಕೂಡುವುದಿಲ್ಲ. ‘ಫಿಸ್ಟ್‌ಫುಲ್’ನ ಇಟಾಲಿಯನ್ ಪ್ರತಿಯಲ್ಲಿ ರಮೋನ್‌ಗೆ ಧ್ವನಿ ಕೊಟ್ಟವರು ನಾಂದೊ ಗಜ್ಜೊಲೊ, ವೊಲೊಂಟೆ ಅಲ್ಲ. ಹೆಸರೂ ಆತನದಲ್ಲ: ಅಮೆರಿಕದ ಚಿತ್ರವೆಂದು ಕಾಣಲಿ ಎಂದು ಟೈಟಲ್ಲಿನಲ್ಲಿ ‘ಜಾನ್ ವೆಲ್ಸ್’ ಎಂದು ಹಾಕಿದರು. ಆದ್ದರಿಂದ ರಮೋನ್ ಒಬ್ಬನನ್ನೇ ನೋಡಿ ಆತನ ಅಭಿನಯದ ಬಗ್ಗೆ ತೀರ್ಮಾನ ಕೊಡಬೇಡಿ, ಅರ್ಧ ನಟ ಅಲ್ಲಿ ಇಲ್ಲವೇ ಇಲ್ಲ.

ಮುಂದೆ ನಟನ ಮುಖಕ್ಕೆ ನಟನದೇ ಧ್ವನಿ ಇರಬೇಕು ಎಂಬ ‘ವೋಚೆ-ವೋಲ್ತೊ’ ಹೋರಾಟ ಇಟಲಿಯಲ್ಲಿ ನಡೆದಾಗ ವೊಲೊಂಟೆ ಅದರ ಮುಂಚೂಣಿಯಲ್ಲಿದ್ದರು. ಡಬ್ಬಿಂಗ್ ಬೇಕೋ ಬೇಡವೋ ಎಂದು ಕನ್ನಡದಲ್ಲಿ ದಶಕಗಟ್ಟಲೆ ಜಗಳ ನಡೆದದ್ದು ಪರಭಾಷೆಯ ಚಿತ್ರಗಳ ಮೇಲೆ. ಅಲ್ಲಿ ಸ್ವಂತ ನೆಲದ ನಟನಿಗೆ ಸ್ವಂತ ಭಾಷೆಯಲ್ಲೇ ಬೇರೆಯವರ ಗಂಟಲು ಅಂಟಿಸುತ್ತಿದ್ದರು!

ತುಂಗಾತೀರ:
ಸಿದ್ಧತೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಆತ ಚಿತ್ರಕಥೆಯನ್ನು ತನ್ನ ಕೈಯಾರೆ ನಕಲು ಮಾಡಿಕೊಳ್ಳುತ್ತಿದ್ದರು, ಪಕ್ಕದಲ್ಲಿ ಟಿಪ್ಪಣಿ. ಕೈಯಲ್ಲಿ ಬರೆದಾಗ ವಾಕ್ಯ ಎಲ್ಲಿ ನಿಲ್ಲುತ್ತದೆ, ಉಸಿರು ಎಲ್ಲಿ ಬೇಕು ಎಂಬುದು ಓದುವಾಗಿನದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಇದರ ಫಲ 1971ರ ‘ದಿ ವರ್ಕಿಂಗ್ ಕ್ಲಾಸ್ ಗೋಸ್ ಟು ಹೆವನ್’ನಲ್ಲಿ ಕಾಣುತ್ತದೆ. ಲುಲು ಮಾಸ್ಸಾ ತುಂಡುಲೆಕ್ಕದ ಕೂಲಿಗೆ ದುಡಿಯುವ ಕಾರ್ಮಿಕ. ಯಂತ್ರದ ಮುಂದೆ ಬಾಯಲ್ಲಿ ಒಂದೇ ಪೋಲಿ ಮಾತನ್ನು ಜಪದಂತೆ ಗೊಣಗುತ್ತಾನೆ, ಪ್ರತಿ ಜಪಕ್ಕೂ ಒಂದು ಬಿಡಿಭಾಗ ಹೊರಬರುತ್ತದೆ. ನಾಲಗೆ, ಕೈ, ಯಂತ್ರ ಮೂರೂ ಒಂದೇ ತಾಳ. ಮುಂದೆ ಆತ ಬೆರಳು ಕಳೆದುಕೊಳ್ಳುವಾಗ ನಮಗೆ ಆ ತಾಳ ತಪ್ಪಿದ್ದೇ ಗೊತ್ತಾಗುವುದು. ಯಾವ ವ್ಯಕ್ತಿಯ ಅನುಕರಣೆ ಇದು? ಲುಲು ಮಾಸ್ಸಾ ಎಂಬವನು ಇರಲೇ ಇಲ್ಲವಲ್ಲ.

1972ರಲ್ಲಿ ಕಾನ್ ಚಿತ್ರೋತ್ಸವದ ಅತಿದೊಡ್ಡ ಪ್ರಶಸ್ತಿ ಎರಡು ಚಿತ್ರಗಳಿಗೆ ಹಂಚಿಹೋಯಿತು: ಇದು ಒಂದು, ಫ್ರಾಂಚೆಸ್ಕೊ ರೋಸಿಯ ‘ದಿ ಮತ್ತೇಯಿ ಅಫೇರ್’ ಇನ್ನೊಂದು. ಎರಡರಲ್ಲೂ ನಾಯಕ ವೊಲೊಂಟೆ. ಒಬ್ಬ ಕೂಲಿ, ಇನ್ನೊಬ್ಬ ಸರ್ಕಾರಿ ತೈಲ ಸಂಸ್ಥೆಯ ಮುಖ್ಯಸ್ಥ.

ಹಳೇರೀಲು:
ಲುಲು ವಿಷಯದಲ್ಲಿ ಒಪ್ಪಿದೆ. ಮೋರೊ ಕೂಡ ಸರಿ. ಆದರೆ ‘ಏನಾದರೊಂದು ಮಾಡುತ್ತಲೇ ಇರುತ್ತಾರೆ’ ಎಂಬ ನನ್ನ ಮಾತಿಗೆ ಉತ್ತರ ಬರಲಿಲ್ಲ. ಲುಲು ಅಂತೂ ಚಿತ್ರದ ಉದ್ದಕ್ಕೂ ಕುದಿಯುತ್ತಾನೆ.

ತುಂಗಾತೀರ:
ರೋಸಿಯ 1979ರ ‘ಕ್ರೈಸ್ಟ್ ಸ್ಟಾಪ್ಡ್ ಅಟ್ ಎಬೊಲಿ’ ನೋಡಿ. ಮುಸ್ಸೊಲಿನಿ ಕಾಲದಲ್ಲಿ ದಕ್ಷಿಣದ ಹಳ್ಳಿಯೊಂದಕ್ಕೆ ಗಡೀಪಾರಾದ ಲೇಖಕ ಕಾರ್ಲೊ ಲೆವಿಯ ಪಾತ್ರ. ಆತ ಮಾಡುವುದೆಲ್ಲ ಕೇಳಿಸಿಕೊಳ್ಳುವುದು. ಸುಮಾರು 150 ನಿಮಿಷದ ಥಿಯೇಟರ್ ಪ್ರತಿ ಬೇಡ, ಟೀವಿಗೆಂದು ನಾಲ್ಕು ಕಂತಿನಲ್ಲಿ ಮಾಡಿದ 220 ನಿಮಿಷದ್ದೇ ಬೇಕು. ಕತ್ತರಿ ಬಿದ್ದಿರುವುದು ಆ ಮೌನಕ್ಕೇ.

ಕತ್ತರಿಮೇಜು:
ಅದರ ಜೊತೆಗೆ 1973ರ ‘ಲಕಿ ಲುಚಾನೊ’, ಅದೂ ರೋಸಿಯದೇ. ನೀವೇ ಮೊದಲ ಕಾಮೆಂಟಿನಲ್ಲಿ ಹೆಸರಿಸಿದ್ದೀರಿ. ಅಮೆರಿಕ 1946ರಲ್ಲಿ ಗಡೀಪಾರು ಮಾಡಿದ ಮಾಫಿಯಾ ದೊರೆ ಇಟಲಿಯಲ್ಲಿ ಮರ್ಯಾದಸ್ಥನಂತೆ ಬದುಕಿ, 1962ರಲ್ಲಿ ನಾಪೊಲಿ ವಿಮಾನ ನಿಲ್ದಾಣದಲ್ಲಿ ಕುಸಿದು ಸಾಯುತ್ತಾನೆ. ವೊಲೊಂಟೆ ಇಲ್ಲಿ ಬಹುಪಾಲು ಕೂತಿರುತ್ತಾರೆ, ನಡೆಯುತ್ತಾರೆ, ಎದುರಿನವರ ಮಾತು ಮುಗಿಯಲೆಂದು ಕಾಯುತ್ತಾರೆ. ಲುಚಾನೊನ ಬೆನ್ನು ಹತ್ತಿದ್ದ ಅಮೆರಿಕದ ಮಾದಕವಸ್ತು ನಿಗ್ರಹ ಅಧಿಕಾರಿ ಚಾರ್ಲ್ಸ್ ಸಿರಗೂಸಾ ಇದೇ ಚಿತ್ರದಲ್ಲಿ ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ. ನಿಜವಾದ ಅಧಿಕಾರಿ ಕ್ಯಾಮೆರಾ ಮುಂದೆ ಬಿಗಿದುಕೊಂಡು ಮಾತಾಡುತ್ತಾರೆ. ನಟನಾಗಿ ಬಂದ ಲುಚಾನೊ ಮನೆಯಲ್ಲಿದ್ದಂತೆ ಹಗುರಾಗಿ ಓಡಾಡುತ್ತಾನೆ.

ಹಳೇರೀಲು:
ಸಿರಗೂಸಾ ಅವರೇ ಎಂದು ಗೊತ್ತಿಲ್ಲದೆ ನೋಡಿದ್ದೆ. ಈ ವಾರ ಎರಡೂ ಮೋರೊ, ಮುಂದಿನ ವಾರ ಲುಚಾನೊ. ಉಳಿದ ಜಗಳ ಆಮೇಲೆ.