ಆ ಕಡೆ ದೀಪ ಹತ್ತುತ್ತೆ, ನಮ್ಮ ಪೋರ್ಟ್ ಡೌನ್: ಸ್ವಿಚ್ ಚಿಪ್‌ನ ಫೈಬರ್ ಲಿಂಕ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಬೋರ್ಡ್ ನಮ್ಮದೇ ಡಿಸೈನ್. ಮಾರ್ವೆಲ್ 88ಇ6352 ಸ್ವಿಚ್ ಚಿಪ್, ಲಿನಕ್ಸ್‌ನ ಡಿಎಸ್‌ಎ (ಸ್ವಿಚ್ ಚಿಪ್‌ಗಳನ್ನು ನಡೆಸುವ ಭಾಗ) ಡ್ರೈವರ್. 4ನೇ ಪೋರ್ಟಿನ ಸರ್ಡಿಸ್ (ವೇಗದ ಸೀರಿಯಲ್ ಸಂಪರ್ಕ) ನೇರವಾಗಿ ಎಸ್‌ಎಫ್‌ಪಿ ಕೇಜಿಗೆ (ಫೈಬರ್ ಮಾಡ್ಯೂಲ್ ತೂರಿಸುವ ಗೂಡಿಗೆ) ಹೋಗಿದೆ. 1310 ನ್ಯಾನೋಮೀಟರ್ ಎಲ್‌ಎಕ್ಸ್ ಮಾಡ್ಯೂಲ್, ಸಿಂಗಲ್ ಮೋಡ್ ಫೈಬರ್. ಆ ಕಡೆ ಅಂಗಡಿಯಲ್ಲಿ ಸಿಗುವ ಒಂದು ಗಿಗಾಬಿಟ್ ಸ್ವಿಚ್. ಅಲ್ಲಿ ಲಿಂಕ್ ದೀಪ ಹತ್ತುತ್ತೆ, ನಮ್ಮ ಪೋರ್ಟ್ ಮಾತ್ರ ಡೌನ್. ಮೂರು ದಿನ ಒದ್ದಾಡಿ, ಎರಡೂ ಕಡೆ ಆಟೋ ನೆಗೋಸಿಯೇಶನ್ (ಲಿಂಕ್ ಹೇಗಿರಬೇಕು ಅಂತ ಎರಡೂ ಕಡೆಯವು ತಾವೇ ಮಾತಾಡಿಕೊಳ್ಳೋದು) ಆಫ್ ಮಾಡಿ, ನಮ್ಮ ಪೋರ್ಟಿಗೆ ಫೋರ್ಸ್ ಲಿಂಕ್ ಕೊಟ್ಟೆ. ಪಿಂಗ್ ಹೋಗ್ತಿದೆ. ಹೀಗೇ ಬಿಟ್ಟರೆ ನಡೆಯುತ್ತಾ?

ಉತ್ತರ: ದಯವಿಟ್ಟು ಹೀಗೆ ಬಿಡಬೇಡಿ. ಯಾಕೆ ಅನ್ನೋದನ್ನ ನೀವೇ ನೋಡಬಹುದು. ಫೈಬರ್‌ನ ಎರಡು ಎಳೆಗಳಲ್ಲಿ ನಿಮ್ಮ ರಿಸೀವರ್‌ಗೆ ಬರೋ ಎಳೆಯನ್ನು ಮಾತ್ರ ಕಿತ್ತು, ಎರಡೂ ಕಡೆ ಸ್ಟೇಟಸ್ ನೋಡಿ. ನಿಮ್ಮ ಪೋರ್ಟ್ ಅಪ್ ಅಂತಲೇ ಹೇಳುತ್ತೆ, ಯಾಕಂದ್ರೆ ಹಾಗೆ ಹೇಳು ಅಂತ ನೀವೇ ಕೂರಿಸಿದ್ದೀರಿ. ಆ ಕಡೆಯದೂ ಅಪ್, ನಿಮ್ಮ ಬೆಳಕು ಅದಕ್ಕೆ ಇನ್ನೂ ಸಿಗ್ತಾ ಇದೆಯಲ್ಲ. ಅಲ್ಲಿಂದ ಹೊರಟ ಒಂದೇ ಒಂದು ಫ್ರೇಮ್ ಕೂಡ ನಿಮಗೆ ತಲುಪುತ್ತಿಲ್ಲ, ಆದರೆ ಲಾಗ್‌ನಲ್ಲಿ ಒಂದು ಸಾಲೂ ಇರಲ್ಲ. ಬದಲಿ ದಾರಿ ಇದ್ದರೂ ಟ್ರಾಫಿಕ್ ಆ ಕಡೆ ತಿರುಗಲ್ಲ. ಫೀಲ್ಡಿಗೆ ಹೋದ ಮೇಲೆ ಇದನ್ನು ಹುಡುಕೋದು ಎಂಥ ಹಿಂಸೆ ಅಂತ ಅನುಭವಿಸಿದ್ದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಮೊದಲು ಎರಡು ಸಂಗತಿ ಓದಿ ಇಲ್ಲಿ ಹಾಕಿ. ಒಂದು, ಮಾಡ್ಯೂಲ್‌ಗೆ ಬರ್ತಿರೋ ಬೆಳಕು. ಡಯಾಗ್ನೋಸ್ಟಿಕ್ಸ್ ಇರೋ ಮಾಡ್ಯೂಲ್ ಆದರೆ ಐ2ಸಿ (ಮಾಡ್ಯೂಲ್ ಜೊತೆ ಮಾತಾಡುವ ಎರಡು ತಂತಿಯ ಬಸ್) ವಿಳಾಸ ಹೆಕ್ಸ್ 51ರಲ್ಲಿ 104, 105ನೇ ಬೈಟ್. ಎರಡು, ಚಿಪ್‌ನ ಪೋರ್ಟ್ ಸ್ಟೇಟಸ್: 4ನೇ ಪೋರ್ಟಿಗೆ ವಿಳಾಸ ಹೆಕ್ಸ್ 14, ರಿಜಿಸ್ಟರ್ 0. ಅದರ ಕೊನೆಯ ನಾಲ್ಕು ಬಿಟ್ ಸಾಕು.

ಕೇಳಿದವರು: ಎಳೆ ಕಿತ್ತು ನೋಡಿದೆ. ನಿಜವಾಗ್ಲೂ ಎರಡೂ ಕಡೆ ಅಪ್ ತೋರಿಸ್ತು, ಪಿಂಗ್ ಸತ್ತಿತ್ತು. ಗಾಬರಿ ಆಯ್ತು. ಬೈಟ್‌ಗಳು ಹೆಕ್ಸ್‌ನಲ್ಲಿ 02, 76. ರಿಜಿಸ್ಟರ್‌ನ ಕೊನೆಯ ನಾಲ್ಕು ಬಿಟ್ 1010.

ಉತ್ತರ: ಬೆಳಕು ಚೆನ್ನಾಗಿದೆ. ಹೆಕ್ಸ್ 0276 ಅಂದ್ರೆ 630; ಒಂದೊಂದು ಎಣಿಕೆ 0.1 ಮೈಕ್ರೋವ್ಯಾಟ್, ಹಾಗಾಗಿ 63 ಮೈಕ್ರೋವ್ಯಾಟ್, ಅಂದ್ರೆ ಸುಮಾರು ಮೈನಸ್ 12 ಡಿಬಿಎಂ. ಇಂಥ ಎಲ್‌ಎಕ್ಸ್ ಮಾಡ್ಯೂಲ್‌ಗಳು ಮೈನಸ್ 19ರ ಆಸುಪಾಸಿನವರೆಗೂ ಓದ್ತವೆ. ಫೈಬರ್, ಕನೆಕ್ಟರ್ ಎರಡನ್ನೂ ಅನುಮಾನದ ಪಟ್ಟಿಯಿಂದ ತೆಗೆದುಬಿಡಿ.

ಸಿಕ್ಕಿಬಿದ್ದದ್ದು ಆ 1010. ಈ ಚಿಪ್‌ನಲ್ಲಿ ಅದು ಎಸ್‌ಜಿಎಂಐಐ ಮೋಡ್, ಅಂದ್ರೆ ಫೈ (ಕೇಬಲ್ ಮೇಲಿನ ಸಿಗ್ನಲ್ ನಡೆಸುವ ಚಿಪ್) ಜೊತೆ ಮಾತಾಡುವ ರೀತಿ. ಫೈಬರ್‌ಗೆ ಬೇಕಾದ್ದು 1000ಬೇಸ್-ಎಕ್ಸ್, ಅಂದ್ರೆ 1001. ಇವೆರಡೂ ತಂತಿಯ ಮೇಲೆ ಅವಳಿಗಳ ಹಾಗೆ: ಅದೇ 1.25 ಗಿಗಾಬಾಡ್, ಅದೇ 8ಬಿ/10ಬಿ ಕೋಡಿಂಗ್. ಆದ್ದರಿಂದ ಸಿಂಕ್ ಆಗುತ್ತೆ, ಎಲ್ಲ ಸರಿ ಇದೆ ಅನ್ನಿಸುತ್ತೆ. ವ್ಯತ್ಯಾಸ ಇರೋದು ಶುರುವಿನಲ್ಲಿ ಎರಡೂ ಕಡೆಯವರು ವಿನಿಮಯ ಮಾಡಿಕೊಳ್ಳೋ 16 ಬಿಟ್‌ನ ಒಂದು ಪದದಲ್ಲಿ. ಎಸ್‌ಜಿಎಂಐಐನಲ್ಲಿ ಆ ಪದದ 15ನೇ ಬಿಟ್ ಅಂದ್ರೆ 'ಲಿಂಕ್ ಇದೆ'. 1000ಬೇಸ್-ಎಕ್ಸ್‌ನಲ್ಲಿ ಅದೇ ಬಿಟ್ ಅಂದ್ರೆ 'ಇನ್ನೊಂದು ಪುಟ ಇದೆ'. ಸಾಮಾನ್ಯವಾಗಿ ಇರಲ್ಲ, ಸೊನ್ನೆಯೇ ಬರುತ್ತೆ. ಆ ಕಡೆಯ ಸ್ವಿಚ್ ತನ್ನ ಫುಲ್ ಡ್ಯೂಪ್ಲೆಕ್ಸ್, ಪಾಜ್ (ತಾತ್ಕಾಲಿಕ ತಡೆ) ಬಿಟ್‌ಗಳನ್ನು ಹಾಕಿ ಸರಿಯಾದ ಪದವನ್ನೇ ಕಳಿಸಿತ್ತು. ನಿಮ್ಮ ಚಿಪ್ 15ನೇ ಬಿಟ್ ನೋಡಿ, ಸೊನ್ನೆ, ಲಿಂಕ್ ಇಲ್ಲ ಅಂತ ತೀರ್ಮಾನ ಮಾಡಿತು. ನಿಮ್ಮ ಪದ ತಲುಪಿದ್ದಕ್ಕೆ ಆ ಕಡೆ ದೀಪ ಹತ್ತಿತು. ಮೂರು ದಿನ ನಿಮ್ಮನ್ನು ಕಾಡಿದ್ದು ಇಷ್ಟೇ.

ಕೇಳಿದವರು: ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನಲ್ಲಿ ಏನೇನಿದೆ ಅಂತ ಲಿನಕ್ಸ್‌ಗೆ ಹೇಳುವ ಕಡತ) ಫೈ ಮೋಡ್ 1000ಬೇಸ್-ಎಕ್ಸ್ ಅಂತಲೇ ಬರೆದಿದ್ದೀನಲ್ಲ ಸರ್?

ಉತ್ತರ: ಬರೆದದ್ದು ಸರಿ, ಆದರೆ 6352ರಲ್ಲಿ ಅದು ಸಾಕಾಗಲ್ಲ. ಇಲ್ಲಿ ಮೋಡ್ ನಿರ್ಧಾರ ಆಗೋದು ರೀಸೆಟ್ ಬಿಡುವ ಕ್ಷಣದಲ್ಲಿ, ರೆಸಿಸ್ಟರ್‌ನಿಂದ ಹೈ ಅಥವಾ ಲೋ ಮಾಡಿಟ್ಟ ಸ್ಟ್ರ್ಯಾಪ್ ಪಿನ್‌ಗಳ ಮೇಲೆ. ಡ್ರೈವರ್ ಆ ನಾಲ್ಕು ಬಿಟ್ ಓದಿಕೊಳ್ಳುತ್ತೆ, ಬದಲಿಸಲ್ಲ. 6390ರಂಥ ಚಿಪ್‌ಗಳಲ್ಲಿ 9, 10ನೇ ಪೋರ್ಟ್‌ಗಳಿಗೆ ಮೋಡ್ ಬರೆಯಬಹುದು. ನಿಮ್ಮದಕ್ಕೆ ಸ್ಕೆಮ್ಯಾಟಿಕ್ ತೆಗೆದು ರೆಸಿಸ್ಟರ್ ಬದಲಿಸಲೇಬೇಕು. ಡಿವೈಸ್ ಟ್ರೀಯಲ್ಲಿ ಮ್ಯಾನೇಜ್ಡ್ ಅನ್ನೋ ಜಾಗದಲ್ಲಿ ಇನ್-ಬ್ಯಾಂಡ್-ಸ್ಟೇಟಸ್ ಇರಲಿ, ಎಸ್‌ಎಫ್‌ಪಿ ನೋಡ್ ಜೋಡಿಸಿ, ಫೋರ್ಸ್ ಬಿಟ್ ತೆಗೆಯಿರಿ, ಎರಡೂ ಕಡೆ ಆಟೋ ನೆಗ್ ಮತ್ತೆ ಆನ್ ಮಾಡಿ. ಒಂದೇ ಕಡೆ ಆನ್ ಮಾಡಿದರೆ ಆಫ್ ಇರೋ ಕಡೆ ಅಪ್, ಆನ್ ಇರೋ ಕಡೆ ಡೌನ್ ಆಗಿ ಹಳೇ ಗೋಳೇ ಮರಳಿ ಬರುತ್ತೆ.

ಇನ್ನೊಬ್ಬ ಸದಸ್ಯರು: ನಮ್ಮ ಬೋರ್ಡ್‌ನಲ್ಲಿ ಬೆಳಕೇ ಹೊರಗೆ ಬರ್ತಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದ್ರೂ ಕಾಣಲ್ಲ.

ಉತ್ತರ: 1310 ಕ್ಯಾಮೆರಾದ ಸಿಲಿಕಾನ್ ಸೆನ್ಸರ್‌ಗೆ ಕಾಣಲ್ಲ, ಅದನ್ನು ಪರೀಕ್ಷೆ ಅಂತ ನಂಬಬೇಡಿ. ಕಣ್ಣಿಟ್ಟು ನೋಡೋದಂತೂ ಯಾವತ್ತೂ ಬೇಡ. ಟಿಎಕ್ಸ್ ಡಿಸೇಬಲ್ ಪಿನ್ ಎಲ್ಲಿಗೆ ಹೋಗಿದೆ ನೋಡಿ. ಮಾಡ್ಯೂಲ್ ಒಳಗೇ ಅದಕ್ಕೆ ಪುಲ್-ಅಪ್ ಇರುತ್ತೆ, ಸುಮ್ಮನೆ ತೇಲಲು ಬಿಟ್ಟರೆ ಲೇಸರ್ ಆಫ್. ಲಾಸ್ ಪಿನ್ನನ್ನೂ ಅದೇ ಹೊತ್ತಿಗೆ ಪರೀಕ್ಷಿಸಿ: ಬೆಳಕು ಹೋದಾಗ ಅದು ಹೈ ಆಗುತ್ತೆ. ಸಿಗ್ನಲ್ ಡಿಟೆಕ್ಟ್ ಪಿನ್ ಬೆಳಕು ಇದ್ದಾಗ ಹೈ ಬಯಸುವ ಚಿಪ್‌ಗಳಲ್ಲಿ ನಡುವೆ ಇನ್ವರ್ಟರ್ ಬೇಕು. ನನ್ನ ಮೊದಲ ಫೈಬರ್ ಬೋರ್ಡ್‌ನಲ್ಲಿ ಇದನ್ನೇ ಬಿಟ್ಟಿದ್ದೆ. ಫೈಬರ್ ಕಿತ್ತಾಗ 'ಸಿಗ್ನಲ್ ಇದೆ' ಅನ್ನುತ್ತಿತ್ತು, ಹಾಕಿದಾಗ 'ಇಲ್ಲ'.

ಮತ್ತೊಬ್ಬರು: ಅದೇ ಕೇಜಿಗೆ ಆರ್‌ಜೆ45 ತಾಮ್ರದ ಮಾಡ್ಯೂಲ್ ಹಾಕಿದ್ರೆ?

ಉತ್ತರ: ಅದರೊಳಗೆ ಒಂದು ಪೂರ್ತಿ ಫೈ ಚಿಪ್ ಕೂತಿರುತ್ತೆ. 10, 100, 1000 ಮೂರೂ ವೇಗ ಬೇಕಿದ್ದರೆ ಅದಕ್ಕೆ ಎಸ್‌ಜಿಎಂಐಐ ಬೇಕು, ಹಾಗಾಗಿ ಈ ಬೋರ್ಡ್‌ನ ಒಂದೇ ಸ್ಟ್ರ್ಯಾಪ್‌ನಲ್ಲಿ ಎರಡನ್ನೂ ನಿಭಾಯಿಸೋದು ಕಷ್ಟ. ಹಳೆಯ 100ಬೇಸ್-ಎಫ್‌ಎಕ್ಸ್ ಉಪಕರಣದ್ದು ಬೇರೆಯೇ ಕಥೆ: 125 ಮೆಗಾಬಾಡ್, ಆಟೋ ನೆಗ್ ಇಲ್ಲವೇ ಇಲ್ಲ. ಗಿಗಾಬಿಟ್ ಮೋಡ್‌ನಲ್ಲಿರೋ ಪೋರ್ಟ್ ಅದರ ಜೊತೆ ತಾನಾಗಿ ಹೊಂದಿಕೊಳ್ಳಲ್ಲ.

ಕೇಳಿದವರು: ರೆಸಿಸ್ಟರ್ ಬದಲಿಸಿದೆ, ಈಗ 1001. ಫೋರ್ಸ್ ತೆಗೆದೆ, ಎರಡೂ ಕಡೆ ಆಟೋ ನೆಗ್ ಆನ್, ಲಿಂಕ್ ಬಂತು! ಅದೇ ಎಳೆ ಮತ್ತೆ ಕಿತ್ತೆ. ಎರಡೂ ಕಡೆ ತಕ್ಷಣ ಡೌನ್.

ಉತ್ತರ: ತುಂಬಾ ಸಂತೋಷ. ನಿಮ್ಮ ರಿಸೀವರ್ ಕುರುಡಾದ ಕೂಡಲೇ ನಿಮ್ಮ ಚಿಪ್ ಖಾಲಿ ಪದ ಕಳಿಸಿ ಮಾತುಕತೆ ಮೊದಲಿಂದ ಶುರು ಮಾಡುತ್ತೆ, ಅದನ್ನು ನೋಡಿ ಆ ಕಡೆಯೂ ಲಿಂಕ್ ಬಿಡುತ್ತೆ. ಈಗ ಇನ್ನೊಂದು ಎಳೆಯನ್ನೂ ಕಿತ್ತು ನೋಡಿ, ಹಾಗೇ ಬೋರ್ಡ್ ಪವರ್ ತೆಗೆದು ಹಾಕಿ ಹತ್ತು ಸಲ ಬೂಟ್ ಮಾಡಿ. ಪ್ರತಿ ಸಲವೂ 1001 ಓದಿದರೆ ರೆಸಿಸ್ಟರ್ ಬದಲಾವಣೆಯನ್ನು ಮುಂದಿನ ಬೋರ್ಡ್ ರಿವಿಷನ್‌ಗೆ ಸೇರಿಸಿ.