ಇಳಿಯುವಾಗ ಕೇಳಿ

ಜಯನಗರದ ನಮ್ಮ ಮಾಮೂಲಿ ಹೋಟ್ಲಲ್ಲಿ ಕೂರೋಕೆ ಕುರ್ಚಿಯಿಲ್ಲ, ನಿಂತೇ ಕುಡೀಬೇಕು. ಮಂಡಿನೋವಿನ ಮೂವರು ದಿನಾ ಅಲ್ಲೇ ಯಾಕೆ ಸೇರ್ತೀವೋ! ಬಹುಶಃ ಟೂ ಬೈ ತ್ರೀ ಕಾಫಿ ಕೇಳಿದ್ರೂ ಮುಖ ಸಿಂಡರಿಸದೆ ಕೊಡ್ತಾರೆ ಅಂತ.

"ಮೇಷ್ಟ್ರೇ, ನಾನು ಬೆಳ್ಳಿ ಗಟ್ಟಿ ತಗೊಳ್ತಾ ಇದೀನಿ" ಅಂದ ಸೀನಪ್ಪ. ಬಸ್ ಕಂಡಕ್ಟರಾಗಿ ರಿಟೈರಾದವನು. ಮಗಳ ಮದುವೆ, ಮನೆ ಸಾಲ ಎಲ್ಲ ಕಳೆದು ಕೈಯಲ್ಲಿ ಉಳಿದದ್ದು ಎಂಟು ಲಕ್ಷ.

ಬ್ಯಾಂಕ್ ಕೌಂಟರಲ್ಲಿ ಆಯಸ್ಸು ಕಳೆದ ರಾಯರು ಕನ್ನಡಕ ಮೇಲಕ್ಕೆ ತಳ್ಳಿದರು. ಅಂದ್ರೆ ಪಾಠ ಶುರು.

"1980ರ ಜನವರೀಲಿ ಅಮೆರಿಕದ ಹಂಟ್ ಅಣ್ತಮ್ಮಂದಿರು ಬೆಳ್ಳಿ ಬಾಚಿ ಬಾಚಿ ಕೂಡಿಹಾಕಿ ಔನ್ಸಿಗೆ ಹೆಚ್ಚುಕಡಿಮೆ 50 ಡಾಲರ್ ಮಾಡಿದ್ರು. ಮಾರ್ಚ್ ಕೊನೆಗೆ 11ಕ್ಕೆ ಬಂತು. ಮತ್ತೆ ಆ ಬೆಲೆ ಹತ್ರ ಹೋಗಿದ್ದು 2011ರಲ್ಲಿ."

ಸೀನಪ್ಪ ಬೆರಳು ಮಡಿಸಿದ. "ಮೂವತ್ತೊಂದು ವರ್ಷ. ಅಷ್ಟೊತ್ತಿಗೆ ನಂಗೆ ತೊಂಬತ್ಮೂರು. ಬೇಡ ಬಿಡಿ, ಚಿನ್ನಾನೇ ತಗೊಳ್ತೀನಿ."

ಚಿನ್ನ ಅಂದ್ರೆ ನನಗೆ ಹಲ್ಲು ಜುಮ್ಮೆನ್ನುತ್ತೆ. ಹೋದ ವರ್ಷ ಹಲ್ಲು ಕಟ್ಟಿಸೋಕೆ ದುಡ್ಡು ಬೇಕಾಗಿ ನಮ್ಮನೆಯವಳ ಹಳೇ ನೆಕ್ಲೇಸ್ ಹಿಡ್ಕೊಂಡು ಒಂದು ಅಂಗಡಿಗೆ ಹೋದ್ವಿ. ನಮ್ಮ ಮಾವ ಅದನ್ನ ಕೊಳ್ಳೋವಾಗ ಕೆಂಪು ಕಲ್ಲು, ಒಳಗಿನ ಅರಗು ಎಲ್ಲಾ ಚಿನ್ನದ ರೇಟಲ್ಲೇ ತೂಗಿತ್ತು. ಮಾರುವಾಗ ಅಂಗಡಿಯವನು ಚಿಮಟದಲ್ಲಿ ಒಂದೊಂದೇ ಕಲ್ಲು ಕಿತ್ತು ತಟ್ಟೆಗೆ ಹಾಕಿದ, ಟಣ್, ಟಣ್. ಆಮೇಲೆ ಕರಗಿಸಿದ. ಕೊನೆಗೆ ತಕ್ಕಡೀಲಿ ಕೂತದ್ದು ಕಾಬೂಲಿ ಕಡಲೆ ಗಾತ್ರದ ಒಂದು ಉಂಡೆ. "ಇದು ನಮ್ಮಪ್ಪ ಕೊಟ್ಟಿದ್ದಲ್ಲ" ಅಂತ ಇವಳು ಕಣ್ಣಲ್ಲಿ ನೀರು ಹಾಕಿಕೊಂಡಳು. ಮಾರಲಿಲ್ಲ. ಉಂಡೆ ಈಗ ಲಾಕರಲ್ಲಿದೆ, ಹಲ್ಲು ಕಂತಿನ ಮೇಲೆ ಬಂತು.

"ಹೊಸದು ಕೊಂಡ್ರೂ ಅಷ್ಟೇ" ಅಂದರು ರಾಯರು. "3 ಪರ್ಸೆಂಟ್ ಜಿಎಸ್‌ಟಿ, ಒಡವೆಯಾದ್ರೆ ಮೇಕಿಂಗು, ವೇಸ್ಟೇಜು. ಮೆಟ್ಟಿಲು ಇಳಿಯೋದ್ರೊಳಗೆ ಅಷ್ಟು ಕರಗಿರುತ್ತೆ. ಅದರ ಬದಲು ಪೇಪರ್ ಗೋಲ್ಡು, ಅಂದ್ರೆ ಒಡವೆ ಗಟ್ಟಿ ಇಲ್ದೆ ಚಿನ್ನದ ಬೆಲೆ ಮೇಲೆ ದುಡ್ಡು ಹಾಕೋದು. ಸರ್ಕಾರದ ಮೊದಲ ಗೋಲ್ಡ್ ಬಾಂಡು 2015ರ ನವೆಂಬರಲ್ಲಿ ಗ್ರಾಮಿಗೆ 2,684 ರೂಪಾಯಿ. ಎಂಟು ವರ್ಷಕ್ಕೆ ವಾಪಸ್ ಕೊಟ್ಟಿದ್ದು 6,132. ಬಡ್ಡಿ ಬೇರೆ!"

"ನೀವೆಷ್ಟು ಗ್ರಾಮ್ ತಗೊಂಡ್ರಿ ರಾಯ್ರೇ?"

ರಾಯರು ಕಾಫಿ ಊದಿದರು. ಕಾಫಿ ಆರಿ ಹತ್ತು ನಿಮಿಷ ಆಗಿತ್ತು. "ನಾನು... ಎಲ್ರಿಗೂ ಫಾರಂ ತುಂಬಿಸಿಕೊಟ್ಟೆ."

"ಈಗ ಸಿಗುತ್ತಾ?"

"2024ರ ಫೆಬ್ರವರಿ ಕಂತೇ ಕೊನೇದು. ಷೇರಿನ ಥರ ಕೊಂಡು ಮಾರೋ ಚಿನ್ನದ ಫಂಡು, ಈಟಿಎಫ್ ಅಂತ ಇದೆ. ಅದೂ ಕಾಗದದ್ದೇ."

"ಕಾಗದದ ವಿಷಯ ನನಗೆ ಹೇಳ್ಬೇಡಿ" ಅಂದ ಸೀನಪ್ಪ. "ಟಿಕೆಟ್ ಹಿಂದೆ ಚಿಲ್ಲರೆ ಬರೆದುಕೊಟ್ಟೇ ಸರ್ವಿಸ್ ಮುಗಿಸಿದವನು ನಾನು. ಅದ್ರಲ್ಲಿ ಎಷ್ಟು ಜನ ಕೇಳಿ ಈಸ್ಕೊಂಡು ಇಳಿದ್ರು ಅಂತ ನನಗೊಬ್ಬನಿಗೇ ಗೊತ್ತು."

ಇದಕ್ಕೆ ರಾಯರ ಹತ್ರ ಉತ್ತರ ಇರಲಿಲ್ಲ. ಕೊನೆಗೆ ನಾನೇ ಕೇಳಿದೆ: "ಸೀನಪ್ಪ, ತಿಂಗಳಿಗೆ ಮಾತ್ರೆಗೆಷ್ಟು ಖರ್ಚು?"

"ಶುಗರ್ದು, ಬಿಪಿದು, ನಮ್ಮವಳ ಥೈರಾಯ್ಡು ಸೇರಿ ಮೂರು ಸಾವಿರ."

"ಮೆಡಿಕಲ್ ಸ್ಟೋರಲ್ಲಿ ಗಟ್ಟಿ ಕೆರೆದು ಕೊಡ್ತೀಯಾ?"

ರಾಯರಿಗೆ ಜೀವ ಬಂತು. "ಅದೇ ಕಣಪ್ಪ! ಅಂಚೆ ಕಚೇರೀಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 8.2 ಪರ್ಸೆಂಟ್. ಆರು ಲಕ್ಷ ಹಾಕಿದ್ರೆ ಮೂರು ತಿಂಗಳಿಗೊಮ್ಮೆ 12,300 ಬರುತ್ತೆ. ಒಂದು ಲಕ್ಷ ಆಸ್ಪತ್ರೆ ಅವಸರಕ್ಕೆ ಬ್ಯಾಂಕಲ್ಲಿರಲಿ. ಉಳಿದ ಒಂದು ಲಕ್ಷಕ್ಕೆ ಬೆಳ್ಳೀನಾದ್ರೂ ತಗೋ, ಚಿನ್ನಾನಾದ್ರೂ ತಗೋ."

ಸೀನಪ್ಪ ಪೇಪರಲ್ಲಿದ್ದ ಬೆಳ್ಳಿ ಅಂಗಡಿ ಜಾಹೀರಾತನ್ನೇ ನೋಡ್ತಾ ನಿಂತ. ಗಟ್ಟಿ ಚೆನ್ನಾಗೇ ಹೊಳೀತಿತ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಜಾಹೀರಾತಿನ ಅಂಚು ಹರಿದ, ಕಿವಿ ಮೇಲಿನ ಪೆನ್ನು ತೆಗೆದ. ರಿಟೈರಾದ್ರೂ ಅದು ಅಲ್ಲೇ ಇರುತ್ತೆ.

ಕಾಫಿ ದುಡ್ಡು ಕೊಟ್ಟಿದ್ದು ನಾನು. ಅವನ ಪಾಲು ಹದಿನಾರು ರೂಪಾಯಿ, ಹತ್ತರ ನೋಟು ಕೊಟ್ಟಿದ್ದ. ಚೂರಿನ ಮೇಲೆ 6 ಅಂತ ಬರೆದು, ಸುತ್ತ ಒಂದು ಗುಂಡು ಎಳೆದು ನನ್ನ ಕೈಗಿಟ್ಟ.

"ಇದಕ್ಕೆ ಬಡ್ಡಿ ಎಷ್ಟಪ್ಪಾ?" ಅಂದೆ.

"ಇಳಿಯುವಾಗ ಕೇಳಿ" ಅಂದವನೇ ಹೊರಟೇಬಿಟ್ಟ.